ಲಾಭ-ನಷ್ಟದ ಹಾಳೆಯಲ್ಲಿ ಬರೆಯದೆ ಉಳಿದದ್ದು

ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಮಂಗಳೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ತಿಂಗಳಿಗೆ 22 ಸಾವಿರ ಸಂಬಳ. ಮದುವೆಯಾಗಿ ಮೂರು ವರ್ಷ, ಒಂದೂವರೆ ವರ್ಷದ ಮಗಳು. ದುಬೈಯಿಂದ ಕೆಲಸದ ಕರೆ ಬಂದಿತ್ತು. ಕಿಸೆಯಿಂದ ಮಡಚಿದ ಹಾಳೆ ತೆಗೆದು ನನ್ನ ಮುಂದಿಟ್ಟ. ನಡುವೆ ಗೆರೆ ಎಳೆದು ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ ಎಂದು ಬರೆದಿದ್ದ. "ಸರ್, ಹೋಗಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ನೀವೊಮ್ಮೆ ಈ ಲೆಕ್ಕ ನೋಡಿ" ಎಂದ.

ಲಾಭದ ಪಟ್ಟಿ ಉದ್ದವಿತ್ತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಕರಾವಳಿಯ ಜನ ಹಿಂದೆ ಹೊಟ್ಟೆಪಾಡಿಗಾಗಿ ಬೊಂಬಾಯಿಗೆ ಹೋಗುತ್ತಿದ್ದರು. 1973ರಲ್ಲಿ ತೈಲದ ಬೆಲೆ ಏರಿ ಅರಬ್ ದೇಶಗಳಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸ ಶುರುವಾದ ಮೇಲೆ ಬೊಂಬಾಯಿ ಕೇವಲ ನಡುದಾರಿಯಾಯಿತು. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಹಾರತೊಡಗಿದಾಗ ಆ ನಡುದಾರಿಯೂ ಬೇಡವಾಯಿತು. ಹಾಗೆ ಹೋದವರ ಹಣದಿಂದ ಸೋರುವ ಮನೆಗಳಿಗೆ ತಾರಸಿ ಬಂತು, ಸಾಲ ತೀರಿತು, ತಂಗಿಯರ ಮದುವೆಯಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಅಕ್ಷರ ಕಾಣದ ತಾಯಂದಿರ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ಗಲ್ಫ್ ನಮ್ಮನ್ನು ಕೆಡಿಸಿತು ಎಂದು ಸುಲಭವಾಗಿ ಹೇಳುವವರು ಈ ಋಣವನ್ನು ಮರೆಯಬಾರದು.

ಹಣ ಮಾತ್ರವಲ್ಲ, ದೊಡ್ಡ ನಗರ ಮನುಷ್ಯನನ್ನು ಬೆಳೆಸುತ್ತದೆ ಕೂಡ. ಊರಿನಲ್ಲಿ ಇಂಥವರ ಮಗ, ಇಂಥ ಕೇರಿಯವ ಎಂದೇ ಗುರುತಿಸಿಕೊಂಡವನು ಅಲ್ಲಿ ತನ್ನ ಕೆಲಸದಿಂದ ಗುರುತಿಸಿಕೊಳ್ಳುತ್ತಾನೆ. ದೇರಾದ ಒಂದೇ ಕೋಣೆಯಲ್ಲಿ ಮಲಯಾಳಿ, ಪಾಕಿಸ್ತಾನಿ, ನೇಪಾಳಿಗಳ ಜೊತೆ ಮಲಗಿದವನಿಗೆ ಪತ್ರಿಕೆಗಳು ಹೇಳುವ ಶತ್ರು ಬೇರೆ, ಪಕ್ಕದ ಮಂಚದಲ್ಲಿ ಜ್ವರದಿಂದ ನರಳುವ ಮನುಷ್ಯ ಬೇರೆ ಎಂಬುದು ತಿಳಿಯುತ್ತದೆ. ಇದೂ ಒಂದು ವಿದ್ಯೆಯೇ.

ಇನ್ನು ನಷ್ಟ. ಅವನಿಗೆ ನಿಗದಿಯಾದ ಸಂಬಳ 3500 ದಿರ್ಹಂ, ವಸತಿ ತನ್ನದೇ ಖರ್ಚು. ಮಂಚದ ಬಾಡಿಗೆ, ಊಟ, ಓಡಾಟ ಕಳೆದು 2000 ದಿರ್ಹಂ ಉಳಿದರೆ 2024ರ ದರದಲ್ಲಿ ಸುಮಾರು 46 ಸಾವಿರ ರೂಪಾಯಿ ಮನೆಗೆ ಬರುತ್ತಿತ್ತು. ಆದರೆ ಅಲ್ಲಿನ ನಿಯಮದಂತೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಕನಿಷ್ಠ 4000 ದಿರ್ಹಂ, ಅಥವಾ ವಸತಿಯೊಂದಿಗೆ 3000 ದಿರ್ಹಂ ಸಂಬಳವಿರಬೇಕು. ಅಂದರೆ ಅವನು ಒಬ್ಬನೇ ಹೋಗಬೇಕು. ವೀಸಾ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದರೆ ಕೆಲವು ತಿಂಗಳೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಹೊರಡಬೇಕು. 2020ರ ಮೇ ತಿಂಗಳಲ್ಲಿ ಕೊರೊನಾದ ನಡುವೆ ದುಬೈಯಿಂದ ಮಂಗಳೂರಿಗೆ ಬಂದ ಮೊದಲ ವಿಶೇಷ ವಿಮಾನದಲ್ಲಿ ಗರ್ಭಿಣಿಯರಿದ್ದರು, ಕೆಲಸ ಕಳೆದುಕೊಂಡವರಿದ್ದರು. ವರ್ಷಗಟ್ಟಲೆ ದುಡಿದ ನಗರ ತಮ್ಮದಲ್ಲ ಎಂಬುದು ಬಹಳ ಜನರಿಗೆ ಅಂದು ಅರಿವಾಯಿತು.

ಇಷ್ಟನ್ನು ಅವನೂ ಬರೆದಿದ್ದ. ನಾನು ಒಂದು ಸಾಲು ಸೇರಿಸಿದೆ. ಅಲ್ಲಿ ವರ್ಷಕ್ಕೆ 30 ದಿನ ರಜೆ. 25 ವರ್ಷ ದುಡಿದರೆ 750 ದಿನ. ಕಾಲು ಶತಮಾನದ ದಾಂಪತ್ಯದಲ್ಲಿ ಗಂಡ ಹೆಂಡತಿ ಜೊತೆಯಾಗಿರುವುದು ಎರಡು ವರ್ಷಕ್ಕಿಂತ ತುಸು ಹೆಚ್ಚು, ಅಷ್ಟೆ. ಟಿಕೆಟಿನ ದರಕ್ಕೆ ಹೆದರಿ ಎರಡು ವರ್ಷಕ್ಕೊಮ್ಮೆ ಬರುವವರ ಲೆಕ್ಕ ಇನ್ನೂ ಕಡಿಮೆ. ಅವನು ಹಾಳೆಯನ್ನೇ ನೋಡುತ್ತಾ ಕುಳಿತ.

ಇಲ್ಲಿಯೇ ನಿಜವಾದ ಪ್ರಶ್ನೆ ಹುಟ್ಟುವುದು. ಲಾಭ-ನಷ್ಟವನ್ನು ತೂಗಬೇಕಾದರೆ ಎರಡಕ್ಕೂ ಒಂದೇ ಅಳತೆ ಬೇಕು. ಇಲ್ಲಿ ಒಂದು ತಟ್ಟೆಯಲ್ಲಿ ಹಣವಿದೆ, ಇನ್ನೊಂದರಲ್ಲಿ ಕಾಲವಿದೆ. ಕಳೆದ ಹಣವನ್ನು ಮತ್ತೆ ದುಡಿಯಬಹುದು. ಮಗಳು ಮೊದಲ ಬಾರಿ ಶಾಲೆಗೆ ಹೋದ ದಿನವನ್ನು ಯಾವ ಬ್ಯಾಂಕಿನಿಂದ ಹಿಂದೆ ಪಡೆಯುವುದು? ಈಗ ವಿಡಿಯೋ ಕರೆ ಇದೆ, ದಿನವೂ ಮುಖ ನೋಡಬಹುದು, ನಿಜ. ಆದರೂ ರಜೆಯಲ್ಲಿ ಬಂದ ತಂದೆಯನ್ನು ಕಂಡು ತಾಯಿಯ ಬೆನ್ನ ಹಿಂದೆ ಅಡಗುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ.

ಹಾಗೆಂದು ಹೋಗಬೇಡ ಎಂದು ಉಪದೇಶಿಸುವುದೂ ನ್ಯಾಯವಲ್ಲ. ತಂದೆ ಮನೆಯಲ್ಲಿದ್ದ ಮಾತ್ರಕ್ಕೆ ಮಗು ಸುಖವಾಗಿರುತ್ತದೆಯೇ? ಫೀಸು ಕಟ್ಟಲಾಗದೆ, ಉಮ್ಮನ ಔಷಧಿಗೂ ಸಾಲ ಮಾಡಿ, ಆ ಅಸಹಾಯಕತೆಯನ್ನು ಮನೆಯವರ ಮೇಲೆ ಸಿಟ್ಟಾಗಿ ಸುರಿಯುವ ತಂದೆ ಪ್ರತಿದಿನ ಮನೆಯಲ್ಲೇ ಇದ್ದೂ ದೂರವಿರುತ್ತಾನೆ. ಮೂರು ಹೊತ್ತಿನ ಊಟವಿದ್ದವರು ಊಟಕ್ಕಾಗಿ ಹೊರಟವನಿಗೆ ವಿರಹದ ಕಷ್ಟವನ್ನು ವಿವರಿಸುವುದು ಸಲ್ಲದು. ಅಗತ್ಯಕ್ಕಾಗಿ ಹೋಗುವುದು ತ್ಯಾಗ, ಅದನ್ನು ಗೌರವಿಸಲೇಬೇಕು.

ಆದರೆ ಅಗತ್ಯ ಎಲ್ಲಿಗೆ ಮುಗಿಯುತ್ತದೆ? ಐದು ವರ್ಷ ಎಂದು ಹೊರಟವರು ಇಪ್ಪತ್ತೈದು ವರ್ಷ ಉಳಿದದ್ದು ಹೇಗೆ? ಮೊದಲು ಸಾಲ, ಆಮೇಲೆ ತಂಗಿಯ ಮದುವೆ, ಆಮೇಲೆ ಮನೆ. ನೆರೆಯವರು ಮಹಡಿ ಕಟ್ಟಿಸಿದರೆ ನಮಗೂ ಮಹಡಿ. ಅಷ್ಟರಲ್ಲಿ ಮಗಳು ಮದುವೆಗೆ ಬಂದಿರುತ್ತಾಳೆ. ಹಣದ ಬೆಲೆಯೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. 2010ರಲ್ಲಿ ಒಂದು ದಿರ್ಹಮಿಗೆ ಸುಮಾರು 12 ರೂಪಾಯಿ ಇತ್ತು, 2024ರಲ್ಲಿ ಸುಮಾರು 23 ಆಯಿತು. ದಿರ್ಹಂ ಡಾಲರಿಗೆ ಕಟ್ಟಿಕೊಂಡ ನಾಣ್ಯ. ರೂಪಾಯಿ ಇಳಿದಂತೆ ಕಳುಹಿಸಿದ ಹಣ ಹೆಚ್ಚಾದಂತೆ ಕಾಣುತ್ತದೆ. ಇಲ್ಲಿ ಸಿಮೆಂಟು, ಚಿನ್ನ, ಜಾಗದ ಬೆಲೆಯೂ ಏರಿದೆ ಎಂಬುದು ಅಲ್ಲಿ ಕುಳಿತವನಿಗೆ ತಡವಾಗಿ ತಿಳಿಯುತ್ತದೆ. ಕೊನೆಗೆ ಪಿಂಚಣಿಯಿಲ್ಲದೆ, ಸೇವಾವಧಿಯ ಗ್ರಾಚ್ಯುಟಿಯೊಂದಿಗೆ, ಸಕ್ಕರೆ ಕಾಯಿಲೆ ಹೊತ್ತು ಅವನು ಮರಳುತ್ತಾನೆ. ತಾನೇ ಕಟ್ಟಿಸಿದ ಮನೆಯಲ್ಲಿ ಯಾವ ಸ್ವಿಚ್ಚಿಗೆ ಯಾವ ದೀಪ ಎಂದು ಅವನಿಗೆ ಗೊತ್ತಿರುವುದಿಲ್ಲ.

ಇಲ್ಲಿ ದುಡಿದವನು ಒಬ್ಬ, ಅನುಭವಿಸಿದವರು ಹಲವರು. ಬೆಲೆ ತೆತ್ತವರಲ್ಲಿ ಅವನ ಜೊತೆ ಇನ್ನೊಬ್ಬಳೂ ಇದ್ದಾಳೆ. ಆಕೆಯನ್ನು ಕೇಳಿದವರು ಯಾರು?

ಎರಡನೆಯ ಖಲೀಫಾ ಹಝ್ರತ್ ಉಮರ್(ರ) ಅವರ ಕುರಿತು ಪ್ರಸಿದ್ಧವಾದ ಒಂದು ಪ್ರಸಂಗವಿದೆ. ರಾತ್ರಿ ಮದೀನಾದ ಬೀದಿಯಲ್ಲಿ ಸುತ್ತುತ್ತಿದ್ದಾಗ, ಯುದ್ಧಕ್ಕೆ ಹೋದ ಗಂಡನನ್ನು ನೆನೆದು ಹೆಣ್ಣೊಬ್ಬಳು ಹಾಡಿಕೊಳ್ಳುವುದು ಅವರಿಗೆ ಕೇಳಿಸಿತು. ಅವರು ಮಗಳು ಹಫ್ಸಾ(ರ) ಅವರ ಬಳಿಗೆ ಹೋಗಿ, ಹೆಣ್ಣೊಬ್ಬಳು ಗಂಡನ ಅಗಲಿಕೆಯನ್ನು ಎಷ್ಟು ಕಾಲ ತಾಳಬಲ್ಲಳು ಎಂದು ಕೇಳಿದರು. ನಾಲ್ಕು ತಿಂಗಳು ಎಂದು ಕೆಲವು ವರದಿಗಳಲ್ಲಿದೆ, ಆರು ಎಂದು ಕೆಲವದರಲ್ಲಿ. ಅದಕ್ಕಿಂತ ಹೆಚ್ಚು ಕಾಲ ಸೈನಿಕರನ್ನು ಮನೆಯಿಂದ ದೂರವಿಡಬಾರದೆಂದು ಅವರು ಆಜ್ಞೆ ಹೊರಡಿಸಿದರು. ತಿಂಗಳ ಸಂಖ್ಯೆಗಿಂತ ನನಗೆ ಮುಖ್ಯವಾಗಿ ಕಾಣುವುದು ಎರಡು ಸಂಗತಿ. ರಾಜ್ಯದ ಅಗತ್ಯಕ್ಕೂ ಅವರು ಒಂದು ಅವಧಿ ಇಟ್ಟರು. ಆ ಅವಧಿ ಎಷ್ಟೆಂದು ಹೆಣ್ಣನ್ನೇ ಕೇಳಿದರು.

ನಮ್ಮ ಮನೆಗಳಲ್ಲಿ ವೀಸಾ ಬಂದಾಗ ಭಾವನನ್ನು ಕೇಳುತ್ತೇವೆ, ಮಾವನನ್ನು ಕೇಳುತ್ತೇವೆ, ಟ್ರಾವೆಲ್ಸಿನವನನ್ನು ಕೇಳುತ್ತೇವೆ. ಅಡುಗೆಮನೆಯಲ್ಲಿ ನಿಂತವಳಿಗೆ ಹೊರಡುವ ದಿನ ಮಾತ್ರ ತಿಳಿಸುತ್ತೇವೆ. ಒಪ್ಪಿಗೆ ಕೇಳದೆ ಇನ್ನೊಬ್ಬರ ಯೌವನವನ್ನು ಖರ್ಚು ಮಾಡುವುದಕ್ಕೆ ತ್ಯಾಗ ಎಂಬ ಹೆಸರು ಹೊಂದದು.

"ನಿನ್ನ ಹೆಂಡತಿ ಏನಂದಳು?" ಎಂದು ಕೇಳಿದೆ. "ಅವಳು ಏನೂ ಹೇಳಿಲ್ಲ ಸರ್" ಎಂದ. "ನೀನು ಕೇಳಿದ್ದೆಯಾ?" ಉತ್ತರ ಬರಲಿಲ್ಲ. ಹಾಳೆ ಮಡಚಿ ಕಿಸೆಗೆ ಹಾಕಿಕೊಂಡು ಹೋದ.

ವಾರದ ಬಳಿಕ ಫೋನು ಮಾಡಿದ. ಹೋಗುವುದೆಂದು ತೀರ್ಮಾನಿಸಿದ್ದ. ಆಕೆ ಹಾಳೆಯನ್ನೆಲ್ಲ ಓದಿ, "ಎಷ್ಟು ವರ್ಷ ಎಂದು ಎಲ್ಲಿ ಬರೆದಿದ್ದೀರಿ?" ಎಂದು ಕೇಳಿದಳಂತೆ. ಇಬ್ಬರೂ ಕುಳಿತು ಸಾಲ ಎಷ್ಟು, ಮನೆಯ ದುರಸ್ತಿಗೆ ಎಷ್ಟು, ಊರಿನಲ್ಲೊಂದು ಸಣ್ಣ ಅಂಗಡಿಗೆ ಎಷ್ಟು ಎಂದು ಬರೆದು, ಕೆಳಗೆ ನಾಲ್ಕು ವರ್ಷದ ನಂತರದ ಒಂದು ತಾರೀಕು ಹಾಕಿದರಂತೆ.

ಆ ತಾರೀಕನ್ನು ಅವನು ಪಾಲಿಸುತ್ತಾನೆಯೇ? ನನಗೆ ತಿಳಿಯದು. ಅದಕ್ಕೂ ಮುಂದೂಡುವ ಕಾರಣಗಳು ಹುಟ್ಟಿಕೊಳ್ಳಬಹುದು. ಆ ಕಾರಣಗಳಲ್ಲಿ ಬಂಧುಗಳಾದ ನಮ್ಮ ಬೇಡಿಕೆಗಳೂ ಇರಬಹುದು. ಮರಳಿ ಬಂದವನನ್ನು "ಯಾಕೆ, ಕೆಲಸ ಹೋಯಿತಾ?" ಎಂದು ಕೇಳುವವರು ನಾವೇ ಅಲ್ಲವೇ? ಹೋಗುವವನು ಸಾಕು ಎನ್ನಲು ಕಲಿಯಬೇಕು, ನಿಜ. ಅದಕ್ಕೆ ಮುಂಚೆ, ಅವನ ದುಡಿಮೆಯಲ್ಲಿ ಉಣ್ಣುವ ನಾವು ಆ ಮಾತನ್ನು ಅವನಿಗೆ ಹೇಳಬೇಕಲ್ಲವೇ?