ಕಾಲ ಕೆಟ್ಟಿತೆಂಬ ಮಾತು ಮತ್ತು ಕಾಣುವ ಕಲ್ಲು

ಸಂಜೆ ಹೊತ್ತು ನಾಲ್ಕು ಜನ ಹಿರಿಯರು ಜಗಲಿಯಲ್ಲೋ ಪಾರ್ಕಿನ ಬೆಂಚಿನಲ್ಲೋ ಕೂತರೆ ಸ್ವಲ್ಪ ಹೊತ್ತಿಗೆ ಮಾತು ‘ಕಾಲ ಕೆಟ್ಟುಹೋಯಿತು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಯಾರಿಗೂ ಶ್ರದ್ಧೆಯಿಲ್ಲ, ಬುದ್ಧಿವಂತರೆಲ್ಲ ತಮ್ಮ ಸಂಪಾದನೆ ನೋಡಿಕೊಂಡು ಊರನ್ನು ಮರೆತರು ಎನ್ನುತ್ತೇವೆ. ಇದೇ ಅಳಲನ್ನು ಅಮೆರಿಕದ ಒಬ್ಬ ದೊಡ್ಡ ಉದ್ಯಮಿ ಒಂದು ಪುಸ್ತಕವಾಗಿಯೇ ಬರೆದಿದ್ದಾರೆ. ಅವರು ಪ್ಯಾಲಂಟಿರ್ ಕಂಪನಿಯ ಮುಖ್ಯಸ್ಥ ಅಲೆಕ್ಸ್ ಕಾರ್ಪ್. ಸಹೋದ್ಯೋಗಿ ನಿಕೊಲಸ್ ಜಮಿಸ್ಕಾ ಜೊತೆಗೂಡಿ ಬರೆದ ‘ದಿ ಟೆಕ್ನಲಾಜಿಕಲ್ ರಿಪಬ್ಲಿಕ್’ 2025ರಲ್ಲಿ ಹೊರಬಂತು. ಪುಸ್ತಕ ಆಡುವ ‘ಪಶ್ಚಿಮದ ಅಸ್ತಮಾನ’ದ ಮಾತೇನೂ ಹೊಸದಲ್ಲ. ಜರ್ಮನಿಯ ಓಸ್ವಾಲ್ಡ್ ಸ್ಪೆಂಗ್ಲರ್ ಆ ಹೆಸರಿನ ಗ್ರಂಥದ ಮೊದಲ ಸಂಪುಟವನ್ನು 1918ರಲ್ಲೇ ಪ್ರಕಟಿಸಿದ್ದರು. ಆದರೆ ಕಾರ್ಪ್ ಬರಿಯ ಲೇಖಕರಲ್ಲ. 2003ರಲ್ಲಿ ಆರಂಭವಾದ ಅವರ ಕಂಪನಿಗೆ ಮೊದಮೊದಲು ಹಣ ಹಾಕಿದವರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಹೂಡಿಕೆ ಅಂಗವೂ ಇತ್ತು. ಸರ್ಕಾರದ ಬೇರೆ ಬೇರೆ ಇಲಾಖೆಗಳಲ್ಲಿ ಚೆದುರಿ ಬಿದ್ದಿರುವ ದತ್ತಾಂಶಗಳನ್ನು ಜೋಡಿಸಿ, ಅಧಿಕಾರಿಯ ಕಣ್ಣೆದುರು ಒಂದೇ ಚಿತ್ರವಾಗಿ ಇಡುವುದು ಈ ಕಂಪನಿಯ ಕಸುಬು. ಅಮೆರಿಕದ ಸೇನೆ, ಅಲ್ಲಿನ ವಲಸೆ ಇಲಾಖೆ, ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎಲ್ಲವೂ ಅದರ ಗಿರಾಕಿಗಳು. ಹಾಗಾಗಿ ಕಾಲ ಕೆಟ್ಟಿತೆಂದು ಅವರು ಹೇಳಿದರೆ, ಅದಕ್ಕೆ ಮದ್ದನ್ನೂ ಅವರೇ ತಯಾರಿಸುತ್ತಾರೆಂದು ತಿಳಿದು ಕೇಳಬೇಕಾಗುತ್ತದೆ.

ಅವರ ವಾದದಲ್ಲಿ ಹುರುಳಿದೆ. ಸಿಲಿಕಾನ್ ವ್ಯಾಲಿ ಬೆಳೆದದ್ದೇ ಸರ್ಕಾರದ ರಕ್ಷಣಾ ಹಣದ ಆಸರೆಯಲ್ಲಿ. 1969ರಲ್ಲಿ ಶುರುವಾದ, ಇಂಟರ್‌ನೆಟ್ಟಿಗೆ ಮೂಲವಾದ ಅರ್ಪಾನೆಟ್ ಕೂಡ ರಕ್ಷಣಾ ಇಲಾಖೆಯ ಕೂಸು. ಮುಂದಿನ ಪೀಳಿಗೆಯ ಮೇಧಾವಿಗಳು ಅದನ್ನು ಮರೆತು ಜಾಹೀರಾತು, ಫೋಟೊ ಹಂಚಿಕೆ, ಮನೆಬಾಗಿಲಿಗೆ ಸರಕು ತಲುಪಿಸುವ ಆ್ಯಪ್‌ಗಳಲ್ಲಿ ತಮ್ಮ ಬುದ್ಧಿಯನ್ನು ಕಳೆದರು, ದೇಶದ ಕಷ್ಟದ ಕೆಲಸಗಳಿಂದ ಕೈ ತೊಳೆದುಕೊಂಡರು, ತಮ್ಮ ನಾಗರಿಕತೆಯ ಮೇಲೆ ತಮಗೇ ನಂಬಿಕೆಯಿಲ್ಲದವರಾದರು ಎಂಬುದು ಕಾರ್ಪ್ ಅವರ ಕೊರಗು. 2018ರಲ್ಲಿ ಗೂಗಲ್ ಕಂಪನಿ ತನ್ನ ನೌಕರರ ಪ್ರತಿಭಟನೆಗೆ ಮಣಿದು ಸೇನೆಯ ‘ಮೇವನ್’ ಯೋಜನೆಯಿಂದ ಹಿಂದೆ ಸರಿದಾಗ ಅದನ್ನು ಟೀಕಿಸಿದವರು ಅವರು. 2022ರ ಜೂನ್‌ನಲ್ಲಿ, ಉಕ್ರೇನಿನಲ್ಲಿ ಯುದ್ಧ ಉರಿಯುತ್ತಿದ್ದಾಗಲೇ, ಕೀವ್‌ಗೆ ಹೋಗಿ ಅಲ್ಲಿನ ಅಧ್ಯಕ್ಷ ಝೆಲೆನ್‌ಸ್ಕಿಯವರನ್ನು ಕಂಡು ಬಂದವರೂ ಅವರೇ. ಓದಿದವನು ರಾಜ್ಯದ ಭಾರಕ್ಕೆ ಹೆಗಲು ಕೊಡಬೇಕೆಂಬ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕೊಡುವ ಸಹಾಯ ಯಾವ ರೂಪದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಸೇತುವೆ ಕಟ್ಟಿಕೊಟ್ಟರೆ ಅದರ ಮೇಲೆ ಎಲ್ಲರೂ ನಡೆಯುತ್ತಾರೆ. ಎಲ್ಲರನ್ನೂ ಕಾಣಬಲ್ಲ ಕಣ್ಣು ಕಟ್ಟಿಕೊಟ್ಟರೆ ಅದರ ಹಿಂದೆ ಕೂರುವವರು ಕೆಲವರು ಮಾತ್ರ.

ಕಂಪನಿಗೆ ಹೆಸರು ಬಂದದ್ದು ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಕಥೆಯಿಂದ. ಅಲ್ಲಿ ಪ್ಯಾಲಂಟಿರ್ ಎಂದರೆ ದೂರದ್ದನ್ನು ಕಾಣಿಸುವ ಕಲ್ಲಿನ ಗೋಳ. ಗೊಂಡಾರ್ ಎಂಬ ಪುರಾತನ ರಾಜ್ಯವನ್ನು ಕಾಯುತ್ತಿದ್ದ ಡೆನೆಥಾರ್ ಅಂಥ ಒಂದು ಕಲ್ಲನ್ನು ಎತ್ತರದ ಗೋಪುರದಲ್ಲಿ ಗುಟ್ಟಾಗಿಟ್ಟುಕೊಂಡು ಒಬ್ಬನೇ ಅದರೊಳಗೆ ನೋಡುತ್ತಿದ್ದ. ಅವನು ಕೆಟ್ಟವನಲ್ಲ, ವಿವೇಕಿ, ನಾಡಿನ ಮೇಲೆ ಪ್ರೀತಿಯುಳ್ಳವನು. ಕಲ್ಲು ಅವನಿಗೆ ಸುಳ್ಳನ್ನು ತೋರಿಸಲೂ ಇಲ್ಲ. ಆದರೆ ಶತ್ರುವಿನ ಇಚ್ಛಾಶಕ್ತಿ ಅವನಿಗೆ ಕಾಣುವುದನ್ನು ಆರಿಸಿ ಕೊಡುತ್ತಿತ್ತು. ಹಾಗಾಗಿ ದಿನದಿನವೂ ಕಂಡದ್ದು ಶತ್ರುವಿನ ಬೆಳೆಯುವ ಬಲ, ತನ್ನ ನಾಡಿನ ಕ್ಷಯ. ಕೊನೆಗೆ ನದಿಯಲ್ಲಿ ಕಪ್ಪು ಹಾಯಿಯ ಹಡಗುಗಳು ಬರುವುದನ್ನು ಕಂಡು, ಎಲ್ಲ ಮುಗಿಯಿತೆಂದು, ಜ್ವರದಲ್ಲಿ ಮಲಗಿದ್ದ ಮಗನನ್ನೂ ಜೊತೆಗೆ ಸುಡಲು ಚಿತೆ ಒಟ್ಟಿಸಿದ. ಮಗನನ್ನು ಬೇರೆಯವರು ಎಳೆದು ಉಳಿಸಿದರು, ತಂದೆ ಉರಿದುಹೋದ. ಆ ಹಡಗುಗಳನ್ನು ಅಷ್ಟರಲ್ಲಿ ಮಿತ್ರರು ಗೆದ್ದುಕೊಂಡಿದ್ದರು; ಅವು ಬರುತ್ತಿದ್ದದ್ದು ನಗರವನ್ನು ಉಳಿಸಲಿಕ್ಕೆ. ಹಡಗು ನಿಜ, ಹಾಯಿಯ ಬಣ್ಣವೂ ನಿಜ. ಅದರಲ್ಲಿ ಇರುವವರು ಯಾರು ಎಂದು ಕೇಳಲು ಅವನ ಪಕ್ಕದಲ್ಲಿ ಇನ್ನೊಬ್ಬರು ಇರಲಿಲ್ಲ. ತಾನು ಕಂಡದ್ದಕ್ಕೆ ಯಾರಿಗೂ ಉತ್ತರ ಹೇಳಬೇಕಾಗಿರದ ರಾಜ್ಯಪಾಲಕನ ಈ ದುರಂತವನ್ನು, ದತ್ತಾಂಶದಿಂದ ರಾಜ್ಯವನ್ನು ಉಳಿಸುತ್ತೇವೆನ್ನುವವರೆಲ್ಲ ಒಮ್ಮೆ ನಿಧಾನವಾಗಿ ಓದಬೇಕೆಂದು ನನಗನ್ನಿಸುತ್ತದೆ.

ಕಾರ್ಪ್ ಇದನ್ನು ಯೋಚಿಸಿಲ್ಲವೆಂದಲ್ಲ. ಯಾವ ಅಧಿಕಾರಿ ಯಾವಾಗ ಯಾರ ಕಡತ ತೆರೆದ ಎಂಬುದನ್ನು ತಮ್ಮ ತಂತ್ರಾಂಶ ದಾಖಲಿಸಿಡಬಲ್ಲದು ಎಂದು ಅವರ ಕಂಪನಿ ಹೇಳುತ್ತ ಬಂದಿದೆ. ಒಳ್ಳೆಯದೇ. ಆದರೆ ಆ ದಾಖಲೆಯನ್ನು ಓದುವವರು ಯಾರು? ನೋಡಿದವರೇ ಓದಿ ಸರಿ ಹಾಕಿಕೊಂಡರೆ ಅದು ಕಾವಲಾಗದು. ಇದಕ್ಕೆ ಉತ್ತರ ಕಾರ್ಪ್ ಓದಿದ ಊರಲ್ಲೇ ಇದೆ. 2002ರಲ್ಲಿ ಅವರು ಸಮಾಜ ಸಿದ್ಧಾಂತದಲ್ಲಿ ಡಾಕ್ಟರೇಟ್ ಪಡೆದದ್ದು ಜರ್ಮನಿಯ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ. ಆ ಊರು ಇರುವ ಹೆಸ್ಸೆ ರಾಜ್ಯ 1970ರಲ್ಲಿ ಜಗತ್ತಿನ ಮೊದಲ ದತ್ತಾಂಶ ರಕ್ಷಣಾ ಕಾನೂನನ್ನು ಮಾಡಿತು. ಕಚೇರಿಗಳಿಗೆ ಕಂಪ್ಯೂಟರು ಆಗಷ್ಟೇ ಕಾಲಿಡುತ್ತಿದ್ದ ಕಾಲ ಅದು. ಅಧಿಕಾರಿಗಳ ಕೈಗೆ ಯಂತ್ರ ಕೊಡುವಾಗಲೇ ಅವರ ಮೇಲೊಬ್ಬ ಸ್ವತಂತ್ರ ಆಯುಕ್ತನನ್ನೂ ಕೂರಿಸಿದರು. 1975ರಿಂದ 1991ರವರೆಗೆ ಆ ಹುದ್ದೆಯಲ್ಲಿದ್ದ ಸ್ಪೈರೋಸ್ ಸಿಮಿಟಿಸ್ ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. 1983ರಲ್ಲಿ ಜನಗಣತಿಯ ಕಾನೂನು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯದ ಮುಂದೆ ಬಂದಾಗ, ತನ್ನ ಬಗ್ಗೆ ಯಾರಿಗೆ ಏನು ಗೊತ್ತಿದೆಯೆಂದು ತಿಳಿಯದ ಪ್ರಜೆ ಸಭೆಗೆ ಹೋಗಲೂ ಅಂಜಿಯಾನು ಎಂಬ ಅರ್ಥದ ಮಾತನ್ನು ನ್ಯಾಯಾಧೀಶರು ಹೇಳಿದರು. ಹಿಟ್ಲರನ ಆಡಳಿತವನ್ನು ಕಂಡ ದೇಶಕ್ಕೆ ಈ ಅಂಜಿಕೆ ಊಹೆಯ ವಿಷಯವಾಗಿರಲಿಲ್ಲ. ಮುಂದೆ ಇದೇ ಹೆಸ್ಸೆಯ ಪೊಲೀಸರು 2017ರಲ್ಲಿ ಪ್ಯಾಲಂಟಿರ್ ತಂತ್ರಾಂಶವನ್ನು ತಂದರು. 2023ರ ಫೆಬ್ರವರಿ 16ರಂದು ಅದೇ ನ್ಯಾಯಾಲಯ, ಅಂಥ ವಿಶ್ಲೇಷಣೆಗೆ ಬಾಗಿಲು ತೆರೆದಿದ್ದ ಹೆಸ್ಸೆ ಮತ್ತು ಹ್ಯಾಂಬರ್ಗ್ ರಾಜ್ಯಗಳ ಕಾನೂನು ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಎಂದಿತು. ತಂತ್ರಾಂಶವನ್ನೇ ಅದು ನಿಷೇಧಿಸಲಿಲ್ಲ. ಎಂಥ ಅಪಾಯವಿದ್ದಾಗ, ಯಾರ ಮಾಹಿತಿಯನ್ನು, ಎಷ್ಟರಮಟ್ಟಿಗೆ ಎಂಬ ಗೆರೆ ಎಳೆಯದೆ ಬಿಟ್ಟರೆ ಯಾವ ತಪ್ಪೂ ಮಾಡದವರು ಬಲೆಗೆ ಸಿಕ್ಕುತ್ತಾರೆ, ಮೊದಲು ಗೆರೆ ಎಳೆಯಿರಿ ಎಂದಿತು. ಪಶ್ಚಿಮ ಇಳಿಯುತ್ತಿದೆಯೋ ಏರುತ್ತಿದೆಯೋ ಬಲ್ಲವರು ಹೇಳಲಿ. ಸಾಮಾನ್ಯ ಪ್ರಜೆಗಳು ದೂರು ಕೊಟ್ಟು ಪೊಲೀಸರ ಯಂತ್ರಕ್ಕೆ ಮಿತಿ ಹಾಕಿಸಬಲ್ಲ ನಾಡನ್ನು ದುರ್ಬಲವೆನ್ನಲು ನನಗೆ ನಾಲಗೆ ಬಾರದು. ಕಾರ್ಪ್ ಕಾಪಾಡಬೇಕೆನ್ನುವ ಪಶ್ಚಿಮದ ಸತ್ವ ಇರುವುದೂ ಬಹುಶಃ ಅಲ್ಲೇ.

ನಮ್ಮಲ್ಲೂ ಹಾಗೆ ನ್ಯಾಯಾಲಯದ ಬಾಗಿಲು ತಟ್ಟಿದವರೊಬ್ಬರು ಇದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಉಳಿಯಿತು. ಖಾಸಗಿ ಕಂಪನಿಗಳಿಗೂ ಅದನ್ನು ಬಳಸಲು ಎಡೆಕೊಟ್ಟಿದ್ದ ಭಾಗ ಬಿದ್ದುಹೋಯಿತು. ಅಷ್ಟು ದೊಡ್ಡ ಕೆಲಸ ನಮ್ಮನಿಮ್ಮ ಪಾಲಿಗೆ ಬರಲಿಕ್ಕಿಲ್ಲ. ಆದರೆ ಇತರರ ವಿವರ ನಮ್ಮ ಕೈಯಲ್ಲೂ ಸ್ವಲ್ಪ ಇರುತ್ತದೆ: ಬಡಾವಣೆ ಸಂಘದ ಕಾರ್ಯದರ್ಶಿಯ ಹತ್ತಿರ ಬಾಡಿಗೆದಾರರ ಆಧಾರ್ ಪ್ರತಿಗಳು, ಶಾಲೆಯ ಗುಂಪಿನಲ್ಲಿ ತಾಯಂದಿರ ಫೋನ್ ನಂಬರುಗಳು, ಗೇಟಿನ ಪುಸ್ತಕದಲ್ಲಿ ಮನೆಗೆಲಸದವರು ಬಂದುಹೋದ ವೇಳೆಗಳು. ಮನೆಗೆಲಸದ ಹೆಂಗಸಿಗೆ ಆ ಪುಸ್ತಕ ತೆರೆದು ನೋಡುವ ಅವಕಾಶವನ್ನು ನಾವು ಕೊಟ್ಟಿದ್ದೇವೆಯೇ? ಈ ಸಲ ಸಂಘದ ವಾರ್ಷಿಕ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆಂದು ತೆಗೆದಿಡೋಣ. ಪದಾಧಿಕಾರಿಯಲ್ಲದ ಒಬ್ಬರು, ಸಾಧ್ಯವಾದರೆ ಬಾಡಿಗೆದಾರರಲ್ಲೇ ಒಬ್ಬರು, ಆ ಕಡತಗಳನ್ನು ನೋಡಲಿ. ಯಾವುದು ಬೇಕು, ಯಾಕೆ ಬೇಕು ಎಂದು ಕೇಳಲಿ. ಮನೆ ಬಿಟ್ಟುಹೋದವರ ಪ್ರತಿಗಳನ್ನು ಅಲ್ಲೇ ಎಲ್ಲರೆದುರು ಹರಿದುಹಾಕಲಿ.