ಹಾಡಿದವರ ಪಾಲು

ಸಂಗೀತಗಾರರ ಜೀವನಚರಿತ್ರೆಗಳಲ್ಲಿ ಒಂದು ವಿಶೇಷವನ್ನು ಗಮನಿಸಬಹುದು. ಬಾಲ್ಯದ ಬಡತನ, ಗುರುವಿನ ಮನೆಯ ಕಷ್ಟ, ಮೊದಲ ಕಚೇರಿಯ ನಡುಕ, ಆಮೇಲೆ ಒಲಿದು ಬಂದ ಕೀರ್ತಿ, ಇವೆಲ್ಲ ಸವಿಸ್ತಾರವಾಗಿ ಬರುತ್ತವೆ. ಹಣದ ಮಾತು ಬಂದ ಕಡೆ ಮಾತ್ರ ಚರಿತ್ರಕಾರನ ದನಿ ತಗ್ಗುತ್ತದೆ. ಕಲಾವಿದ ಉದಾರಿಯಾಗಿದ್ದರೆ ಅದೊಂದು ಅಧ್ಯಾಯ. ಲೆಕ್ಕ ಕೇಳುವವನಾಗಿದ್ದರೆ ಅದು ಸ್ವಭಾವದ ಕುಂದೆಂಬಂತೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಓದುವ ನಮಗೂ ಇದೇ ಹಿತ. ವಕೀಲರು ಫೀಸು ಕೇಳಿದರೆ, ಡಾಕ್ಟರು ಕೇಳಿದರೆ ನಮಗೇನೂ ಅನ್ನಿಸದು. ಹಾಡುವವರು ಕೇಳಿದಾಗ ಮಾತ್ರ ನಮಗೆ ಸರಸ್ವತಿಯ ನೆನಪಾಗುತ್ತದೆ.

ಈ ಮನೋಭಾವ ಎಷ್ಟರಮಟ್ಟಿಗೆ ನ್ಯಾಯವಾದದ್ದು? ಪ್ರಶ್ನೆಯನ್ನು ಗಾಳಿಯಲ್ಲಿ ಬಿಟ್ಟು ಚರ್ಚಿಸುವುದಕ್ಕಿಂತ ನಡೆದ ಒಂದು ಜಗಳದ ಮೇಲಿಟ್ಟು ನೋಡುವುದು ಮೇಲು. 1960ರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಯ ಚಿತ್ರಲೋಕದಲ್ಲಿ ಲತಾ ಮಂಗೇಶಕರ್ ಒಂದು ಬೇಡಿಕೆ ಮುಂದಿಟ್ಟರು. ಹಾಡಿನ ತಟ್ಟೆ ಮಾರಾಟವಾಗುತ್ತಿರುವವರೆಗೆ ಅದರ ಆದಾಯದಲ್ಲಿ ಹಾಡಿದವರಿಗೂ ಒಂದು ಪಾಲು ಬರಬೇಕು ಎಂಬುದು ಆ ಬೇಡಿಕೆ. ಮಹಮ್ಮದ್ ರಫಿಯವರು ಇದನ್ನು ಒಪ್ಪಲಿಲ್ಲ. ಹಣ ಹೂಡುವವನು ನಿರ್ಮಾಪಕ, ನಷ್ಟವಾದರೆ ಹೊರುವವನೂ ಅವನೇ. ನಾವು ಒಪ್ಪಿಕೊಂಡ ಸಂಭಾವನೆ ನಮಗೆ ಸಂದ ಮೇಲೆ ಆ ಹಾಡಿನ ಮೇಲೆ ನಮಗೇನು ಹಕ್ಕು ಎಂಬುದು ಅವರ ನಿಲುವು. ದೇಶವೇ ಕಿವಿಗೊಟ್ಟು ಕೇಳುತ್ತಿದ್ದ ಈ ಎರಡು ಕಂಠಗಳು ಕೆಲವು ವರ್ಷ ಜೊತೆಗೂಡಿ ಹಾಡಲಿಲ್ಲ. 1967ರ ಹೊತ್ತಿಗೆ ರಾಜಿಯಾಯಿತು. ಅದೇ 1967ರಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಕನ್ನಡಕ್ಕೂ ಹಾಡಿದ್ದಾರೆ: ಲತಾ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ, ರಫಿ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ.

ಲತಾ ಲೆಕ್ಕದವರು, ರಫಿ ದಾನಿ ಎಂದು ತೂಗಿಬಿಡುವುದು ಸುಲಭ. ಹಾಗೆ ತೂಗಿದವರೂ ಬಹಳ. 1942ರಲ್ಲಿ ತಂದೆ ದೀನಾನಾಥ ಮಂಗೇಶಕರರು ತೀರಿಕೊಂಡಾಗ ಲತಾಗೆ ಹನ್ನೆರಡು ವರ್ಷ. ಬೆನ್ನಿಗೆ ನಾಲ್ವರು ತಂಗಿ ತಮ್ಮಂದಿರು. ಆ ವಯಸ್ಸಿನಲ್ಲಿ ಮನೆಯ ಅಕ್ಕಿ ಬೇಳೆಗೆ ಹೊಣೆಯಾದವರಿಗೆ ‘ನಾಳೆ’ ಎಂಬ ಮಾತಿನ ಅರ್ಥ ಬೇರೆಯಾಗಿಯೇ ಇರುತ್ತದೆ. ರಫಿಯವರೂ ಸಿರಿವಂತಿಕೆಯಲ್ಲಿ ಬೆಳೆದವರಲ್ಲ. ಪಂಜಾಬಿನ ಹಳ್ಳಿಯಲ್ಲಿ ಹಾಡುತ್ತ ಹೋಗುತ್ತಿದ್ದ ಫಕೀರನೊಬ್ಬನನ್ನು ಅನುಕರಿಸಿ ಹಾಡಲು ತೊಡಗಿದ ಹುಡುಗ. ಲಾಹೋರಿನಲ್ಲಿ ಮನೆಯವರದು ಕ್ಷೌರದ ಅಂಗಡಿ. ಕೈಯಲ್ಲಿ ಹಣವಿಲ್ಲದ ಸಂಗೀತ ನಿರ್ದೇಶಕರಿಗೆ ಹೆಸರಿಗೆ ಒಂದು ರೂಪಾಯಿ ಪಡೆದು ಹಾಡಿಕೊಟ್ಟರೆಂದು ಅವರ ಬಗ್ಗೆ ಹೇಳುವವರು ಅನೇಕರು. ಬಡತನ ಒಬ್ಬರಿಗೆ ಹಕ್ಕನ್ನು ಕಲಿಸಿತು, ಇನ್ನೊಬ್ಬರಿಗೆ ತೃಪ್ತಿಯನ್ನು ಕಲಿಸಿತು. ಬಡತನದಿಂದ ಇಂಥದೇ ಗುಣ ಬರುತ್ತದೆಂದು ಸಿದ್ಧಾಂತ ಕಟ್ಟುವವರು ಸ್ವಲ್ಪ ಎಚ್ಚರಿಕೆಯಿಂದಿರಬೇಕು.

ರಫಿಯವರ ವಾದವನ್ನು ಅಲಕ್ಷ್ಯ ಮಾಡುವಂತಿಲ್ಲ. ಅದನ್ನು ಇನ್ನೂ ಬಲಪಡಿಸಿ ಹೇಳಬಹುದು. ಮನೆ ಕಟ್ಟಿದ ಗಾರೆಯವನು ಕೂಲಿ ಪಡೆದು ಹೋಗುತ್ತಾನೆ. ಆ ಮನೆ ನೂರು ವರ್ಷ ಬಾಡಿಗೆ ತಂದರೂ ಅವನು ಬಂದು ಪಾಲು ಕೇಳುವುದಿಲ್ಲ. ಹೊಲದ ಲೆಕ್ಕವೂ ಹಾಗೆಯೇ. ಕೂಲಿಯವನಿಗೆ ಮಳೆ ಬಂದರೂ ಕೂಲಿ, ಬಾರದಿದ್ದರೂ ಕೂಲಿ. ಕೋರಿಗೆ ಮಾಡುವವನಿಗೆ ಬೆಳೆಯಲ್ಲಿ ಪಾಲುಂಟು, ಆದರೆ ಬರಗಾಲದಲ್ಲಿಯೂ ಪಾಲುಂಟು. ಚಿತ್ರ ಸೋತಾಗ ಗಾಯಕರು ಹಣ ಹಿಂದಿರುಗಿಸುವುದಿಲ್ಲವಷ್ಟೆ? ಕೂಲಿಯೂ ಬೇಕು, ಕೋರೂ ಬೇಕು ಎಂದರೆ ಹೇಗೆ?

ವಾದ ಗಟ್ಟಿಯಾದದ್ದೇ. ಆದರೆ ಗಾರೆಯವನಿಗೂ ಗಾಯಕನಿಗೂ ಹೋಲಿಕೆ ಎಲ್ಲಿ ಮುರಿಯುತ್ತದೆಂದು ತಿಳಿಯಬೇಕಾದರೆ 1902ಕ್ಕೆ ಹೋಗಬೇಕು. ಆ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನು ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಕಂಠವನ್ನು ತಟ್ಟೆಗೆ ಇಳಿಸಿದ. ಅದುವರೆಗೆ ಈ ದೇಶದಲ್ಲಿ ಹಾಡು ಎಂಬುದು ಹಾಡುವವರ ದೇಹವನ್ನು ಬಿಟ್ಟು ಇರುವಂಥದಾಗಿರಲಿಲ್ಲ. ಹತ್ತು ಮನೆಯವರು ಕೇಳಬೇಕಾದರೆ ಹತ್ತು ಸಲ ಹಾಡಬೇಕು. ಹತ್ತು ಸಲ ಎಲೆಯಡಿಕೆ, ಸಂಭಾವನೆ. ತಟ್ಟೆ ಬಂದ ಮೇಲೆ ಗಾಯಕಿ ಒಮ್ಮೆ ಹಾಡುತ್ತಾಳೆ. ಅವಳ ಕಂಠ ಸಾವಿರ ಮನೆಗಳಲ್ಲಿ, ಅವಳು ನಿದ್ರಿಸುತ್ತಿರುವಾಗಲೂ ಸತ್ತ ಮೇಲೂ, ದುಡಿಯುತ್ತಿರುತ್ತದೆ. ಕಟ್ಟಿ ಮುಗಿಸಿದ ಮನೆಯಲ್ಲಿ ಗಾರೆಯವನು ಇರುವುದಿಲ್ಲ. ತಟ್ಟೆಯಲ್ಲಿ ಗಾಯಕಿ ಇದ್ದಾಳೆ. ಅಲ್ಲಿ ಮಾರಾಟವಾಗುವುದು ಅವಳ ಇರವೇ. ಅಷ್ಟೇ ಅಲ್ಲ, ಮನೆಯಲ್ಲಿ ತಟ್ಟೆ ಇರುವವನು ಗಾಯಕಿಯನ್ನು ಕರೆಸಬೇಕಾದ ಅಗತ್ಯವೂ ಕಡಿಮೆ. ಅವಳ ಕಂಠವೇ ಅವಳ ಪ್ರತಿಸ್ಪರ್ಧಿ. ಇಂಥ ವಿಚಿತ್ರ ಗಾರೆಯವನಿಗೆ ಒದಗಿಲ್ಲ. ಇನ್ನು ನಷ್ಟದ ಮಾತು: ಮಾರಾಟವಾದರೆ ಮಾತ್ರ ಪಾಲು, ಇಲ್ಲವಾದರೆ ಇಲ್ಲ ಎಂಬ ಏರ್ಪಾಟಿನಲ್ಲಿ ನಿರ್ಮಾಪಕನು ಸೋತ ದಿನ ಗಾಯಕನಿಗೂ ಆ ಪಾಲು ಬಾರದು. ಲತಾ ಕೇಳಿದ್ದು ಅಂಥ ಪಾಲನ್ನೇ.

ಗೌಹರ್ ಜಾನ್ ಅವರ ಕೊನೆಯ ದಿನಗಳು ನಮ್ಮ ಮೈಸೂರಿಗೆ ಸೇರಿದವು. ಸಿರಿಯಲ್ಲಿ ಮೆರೆದ ಆಕೆ, ವ್ಯಾಜ್ಯಗಳಲ್ಲಿಯೂ ನಂಬಿದವರ ಕೈಯಲ್ಲಿಯೂ ಬಹುಪಾಲನ್ನು ಕಳೆದುಕೊಂಡು, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಇಲ್ಲಿಯೇ ತೀರಿಕೊಂಡರು. ಆ ಬಡತನಕ್ಕೆ ಗ್ರಾಮಫೋನು ಕಂಪನಿಯನ್ನು ಹೊಣೆ ಮಾಡುವುದು ಸರಿಯಲ್ಲ. ಸುಮಾರು ಆರುನೂರು ಹಾಡುಗಳನ್ನು ತಟ್ಟೆಗಳಿಗೆ ಹಾಡಿದ ಹೆಂಗಸು ಕೊನೆಗಾಲದಲ್ಲಿ ಅರಮನೆಯ ಆಶ್ರಯಕ್ಕೆ ಬರಬೇಕಾಯಿತು ಎಂಬುದು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಆಕೆಯ ತಟ್ಟೆಗಳಲ್ಲಿ ಇನ್ನೊಂದು ಸಂಗತಿಯುಂಟು. ಮೂರು ನಿಮಿಷದ ಹಾಡು ಮುಗಿಯುತ್ತಿದ್ದಂತೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಾರೆ. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಮಾಡಿದ ಉಪಾಯವದು. ಆದರೆ ಕೇಳುವಾಗ ನಮಗೆ ಅಂಕಿತದ ನೆನಪು ಬಾರದಿರದು. ನಮ್ಮ ವಚನಕಾರರೂ ಹರಿದಾಸರೂ ತಮ್ಮ ಮಾತಿಗೆ ಹಣ ಬೇಡಿದವರಲ್ಲ. ಅವರ ಅಂಕಿತವೂ ಬಹುಮಟ್ಟಿಗೆ ದೇವರ ಹೆಸರೇ. ಆದರೂ ಕೊನೆಯಲ್ಲಿ ಆ ಮುದ್ರೆ ಬಿತ್ತೆಂದರೆ ಇದು ಯಾರ ಮಾತೆಂಬುದರಲ್ಲಿ ಸಂದೇಹ ಉಳಿಯದು. ಎಲ್ಲವನ್ನೂ ಬಿಟ್ಟವರು ಸಹ ಗುರುತನ್ನು ಬಿಡಲಿಲ್ಲ ಎಂಬುದನ್ನು ನಾವು ಯೋಚಿಸಬೇಕು. ‘ಇದು ನನ್ನದು’ ಎಂಬುದೆಲ್ಲವೂ ಲೋಭವಲ್ಲ.

ಅಂಥ ಗುರುತೂ ಇಲ್ಲದ ಕಾಲವೊಂದು ಹಿನ್ನೆಲೆ ಗಾಯಕರಿಗೆ ಬಂದಿತ್ತು. 1949ರ ‘ಮಹಲ್’ ಚಿತ್ರಕ್ಕೆ ಲತಾ ಹಾಡಿದ ಹಾಡು ದೇಶವನ್ನೆಲ್ಲ ಮರುಳು ಮಾಡಿತು. ಮೊದಲು ಬಂದ ತಟ್ಟೆಯ ಮೇಲೆ ಗಾಯಕಿಯ ಹೆಸರೆಂದು ಅಚ್ಚಾಗಿದ್ದದ್ದು ‘ಕಾಮಿನಿ’, ಚಿತ್ರದ ಪಾತ್ರದ ಹೆಸರು! ರೇಡಿಯೋ ಕೇಳುವವರು ಇದು ಯಾರ ಕಂಠವೆಂದು ಕೇಳಲಾರಂಭಿಸಿದರು. ಕ್ರಮೇಣ ತಟ್ಟೆಗಳ ಮೇಲೆ ಗಾಯಕರ ಹೆಸರು ಬರತೊಡಗಿತು. ಫಿಲಂಫೇರ್ ಬಹುಮಾನಗಳಲ್ಲಿ ಹಿನ್ನೆಲೆ ಗಾಯನಕ್ಕೆ ಸ್ಥಾನವಿಲ್ಲವೆಂದು ಆಕೆ ಆ ಸಮಾರಂಭದಲ್ಲಿ ಹಾಡಲು ನಿರಾಕರಿಸಿದರು. 1959ರಲ್ಲಿ ಆ ಬಹುಮಾನ ಏರ್ಪಟ್ಟಾಗ ಮೊದಲು ಬಂದದ್ದು ಅವರಿಗೇ. ಪಾಲು ಕೇಳಿದ್ದು ಇದರ ಮುಂದಿನ ಹೆಜ್ಜೆ. ಹೆಸರನ್ನು ಕೊಡುವಾಗ ಸುಮ್ಮನಿದ್ದ ಲೋಕ ಹಣವನ್ನು ಕೇಳಿದಾಗ ಹುಬ್ಬು ಗಂಟಿಕ್ಕಿತು.

ಹಾಗಾದರೆ ರಫಿಯವರ ತೃಪ್ತಿ ತಪ್ಪೆ? ಎಂದಿಗೂ ಅಲ್ಲ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ಎಲ್ಲರಿಗೂ ತಿಳಿದದ್ದೇ. ಗಂಡ ಆಯ್ದು ತಂದ ಅಕ್ಕಿ ಆ ದಿನದ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಲಕ್ಕಮ್ಮ ಅದನ್ನು ತಂದಲ್ಲಿಗೇ ಸುರಿದು ಬರಲು ಕಳಿಸಿದಳು. ರಫಿಯವರ ನಿಲುವಿನಲ್ಲಿ ಆ ಮನೆಯ ಸೊಗಸಿದೆ. ಆದರೆ ಲಕ್ಕಮ್ಮ ಅಳೆದದ್ದು ತನ್ನ ಮನೆಯ ಅಕ್ಕಿಯನ್ನು. ಅದೇ ಕೊಳಗವನ್ನು ಕಣದ ಸಾಹುಕಾರ ಎತ್ತಿಕೊಂಡು ‘ನೋಡಿ, ಲಕ್ಕಮ್ಮನಿಗೇ ಇಷ್ಟು ಸಾಕಾಗಿತ್ತು’ ಎಂದು ಊರ ಕೂಲಿಯವರಿಗೆಲ್ಲ ಅಳೆಯತೊಡಗಿದರೆ ಅದು ಶರಣಧರ್ಮವಾಗುವುದಿಲ್ಲ. ಔದಾರ್ಯ ಕೊಡುವವನ ಕೈಯಲ್ಲಿರುವವರೆಗೆ ಗುಣ. ಪಡೆಯುವವನ ಬಾಯಿಗೆ ಬಂದಾಗ ಅದು ನೆಪ. ಒಂದು ರೂಪಾಯಿಗೆ ಹಾಡಬಲ್ಲವರು ರಫಿಯವರು, ಏಕೆಂದರೆ ಬೇರೆ ಹಾಡುಗಳು ಅವರಿಗೆ ಅನ್ನ ಕೊಡುತ್ತಿದ್ದವು. ವರ್ಷಕ್ಕೆ ನಾಲ್ಕು ಹಾಡು ಸಿಕ್ಕುವ ಗಾಯಕಿಯ ಎದುರು ಅವರ ನಿಲುವನ್ನು ಉದಾಹರಿಸುವುದು ನನಗೆ ಕ್ರೌರ್ಯವೆನಿಸುತ್ತದೆ.

ಕಾನೂನು ನಿಧಾನವಾಗಿ ಬಂತು. 1977ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಚಿತ್ರಸಂಗೀತದ ಹಕ್ಕಿನ ಮೊಕದ್ದಮೆ ಬಂದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಹಾಡಿದವರನ್ನೇ ನಮ್ಮ ಕಾಯಿದೆ ಮರೆತಿದೆಯಲ್ಲ ಎಂದು ತೀರ್ಪಿಗೆ ಅಡಿಟಿಪ್ಪಣಿಯಂತೆ ಸೇರಿಸಿದರು. ರಫಿಯವರು 1980ರಲ್ಲಿ ತೀರಿಕೊಂಡರು. 2012ರ ತಿದ್ದುಪಡಿ ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ಪಾಲನ್ನು ಮಾನ್ಯ ಮಾಡಿತು. ಜಗಳವಾಗಿ ಅರ್ಧ ಶತಮಾನ ಕಳೆದಿತ್ತು.

ಹಕ್ಕಿನ ಮಾತು ಒಮ್ಮೆ ಹೊರಟರೆ ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು ಎಂಬುದೂ ನಿಜ. 2017ರಲ್ಲಿ ಇಳಯರಾಜ ಅವರು, ತಮ್ಮ ರಚನೆಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ನೋಟೀಸು ಕಳಿಸಿದರು. ಆ ಹಾಡುಗಳನ್ನು ಮೊದಲು ಹಾಡಿದವರೇ ಅವರು. ಇಬ್ಬರೂ ಹಳೆಯ ಗೆಳೆಯರು. ಬಾಲಸುಬ್ರಹ್ಮಣ್ಯಂ ವಾದಕ್ಕೆ ನಿಲ್ಲದೆ ಆ ಹಾಡುಗಳನ್ನು ಬಿಟ್ಟು ಕಾರ್ಯಕ್ರಮ ಮುಂದುವರಿಸಿದರು. ಕಾಯಿದೆ ಏನನ್ನುತ್ತದೆಂಬುದು ಬೇರೆ ಮಾತು. ರಾಗ ಹಾಕಿದವರಿಗೆ ತಮ್ಮ ಪಾಲಿನ ಮೇಲೆ ಹಕ್ಕಿಲ್ಲವೆಂದು, ಲತಾ ಪಕ್ಷ ವಹಿಸಿದ ನಾನು ಹೇಳಲಾರೆ. ಆದರೆ ಪಾಲು ಕೇಳುವುದು ಬೇರೆ, ಬಾಯಿ ಮುಚ್ಚಿಸುವುದು ಬೇರೆ ಎಂದು ನನ್ನ ತಿಳಿವಳಿಕೆ. ಪಾಲು ಕೇಳಿದಾಗ ಹಾಡು ನಿಲ್ಲುವುದಿಲ್ಲ.

ಈ ಲೆಕ್ಕದಲ್ಲಿ ಇನ್ನೂ ಸೇರದವರು ಇದ್ದಾರೆ. ಮುಂಬಯಿಯ ಚಿತ್ರವಾದ್ಯಗೋಷ್ಠಿಯಲ್ಲಿ ಪಿಟೀಲು, ತುತ್ತೂರಿ, ಸೆಲ್ಲೋ ನುಡಿಸಿದವರಲ್ಲಿ ಗೋವೆಯವರು ಬಹಳ. ಸಂಗೀತ ನಿರ್ದೇಶಕರು ಗುನುಗಿದ ರಾಗವನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸಿ ನೂರು ವಾದ್ಯಗಳಿಗೆ ಹಂಚಿಕೊಡುತ್ತಿದ್ದವರೂ ಅವರೇ. ತೆರೆಯ ಮೇಲೆ ಅವರ ಹೆಸರು ಬರುತ್ತಿದ್ದದ್ದು ಅಪರೂಪ. ಅವರಲ್ಲೊಬ್ಬರು ಆಂಟನಿ ಗೊನ್ಸಾಲ್ವೆಸ್, ಮಜೋರ್ಡಾ ಗ್ರಾಮದವರು, ಪಿಟೀಲು ವಿದ್ವಾಂಸರು. 1958ರಲ್ಲಿ ಅವರು ಭಾರತೀಯ ರಾಗಗಳಿಗೆ ಸಿಂಫನಿಯ ರೂಪ ಕೊಡುವ ವಾದ್ಯವೃಂದವನ್ನೇ ಕಟ್ಟಿದರು. 1960ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ, ಹಿಂತಿರುಗಿ ಬಂದು, ಹುಟ್ಟಿದ ಹಳ್ಳಿಯಲ್ಲಿ ಸದ್ದಿಲ್ಲದೆ ಬಾಳಿ 2012ರಲ್ಲಿ ತೀರಿಕೊಂಡರು. ಲಕ್ಷ್ಮೀಕಾಂತ್ ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಪಿಟೀಲು ಕಲಿತದ್ದು ಅವರಲ್ಲಿ. ಗುರುವಿನ ಋಣಕ್ಕೆಂದು 1977ರ ‘ಅಮರ್ ಅಕ್ಬರ್ ಆಂಟನಿ’ ಚಿತ್ರದ ಹಾಡೊಂದರಲ್ಲಿ ಆ ಹೆಸರನ್ನು ಸೇರಿಸಿದರು. ಹಾಡನ್ನು ದೇಶವೆಲ್ಲ ಹಾಡಿತು; ಅದು ಕಥೆಯಲ್ಲಿ ಬರುವ ಯಾವುದೋ ಪಾತ್ರದ ಹೆಸರೆಂದೇ ಬಹುಮಂದಿ ತಿಳಿದರು.