ಕೈಯೊಳಗಿನ ಯಂತ್ರವೂ ಆಪ್ತವಾಕ್ಯವೂ

ಉಪನ್ಯಾಸ ಮುಗಿದು ಮಂಗಳಾರತಿಯಾದ ಮೇಲೆ ಆಸ್ತಿಕ ಮಹಾಶಯರು ಮಠದ ಜಗುಲಿಯಲ್ಲಿ ಕುಳಿತು ಆಡುವ ಮಾತುಗಳಲ್ಲಿ ಈಚೆಗೆ ಮೊಬೈಲ್ ಫೋನಿನ ಪ್ರಸ್ತಾಪ ಬಾರದ ದಿನವಿಲ್ಲ. ಯಾವ ಕಂಪನಿಯ ಫೋನು ಬಾಳಿಕೆ ಬರುತ್ತದೆ, ಯಾರ ನೆಟ್‌ವರ್ಕ್ ಕುಷ್ಟಗಿಯ ಕಡೆಯ ಹಳ್ಳಿಗಳಲ್ಲಿ ಸರಿಯಾಗಿ ಸಿಗುತ್ತದೆ, ರೀಚಾರ್ಜಿನ ದರ ಎಷ್ಟು ಏರಿತು ಎಂಬಲ್ಲಿಂದ ಹೊರಟ ಮಾತು ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇದರಿಂದ ನಮಗೆ ಒಳಿತಾಯಿತೋ, ಕೆಡಕಾಯಿತೋ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಕಲಿಪುರುಷನ ಆವಾಸಸ್ಥಾನ, ಸಂಧ್ಯಾವಂದನೆಯ ಹೊತ್ತನ್ನು ನುಂಗಿತು, ಊಟಕ್ಕೆ ಕುಳಿತವರ ಮಾತನ್ನೂ ನಿಲ್ಲಿಸಿತು ಎಂಬುದು ಹಿರಿಯರಲ್ಲಿ ಕೆಲವರ ಮತ. ಇದು ಕಾಮಧೇನು, ಬೇಡಿದ್ದನ್ನೆಲ್ಲ ಕೊಡುತ್ತದೆ ಎಂಬುದು ತರುಣರ ಮತ. ಇವರಿಬ್ಬರ ನಡುವೆ ಸಂಧಾನ ಮಾಡಬಯಸುವವರು, "ಯಂತ್ರದಲ್ಲೇನಿದೆ? ಈಳಿಗೆಯಿಂದ ಕಾಯಿಪಲ್ಯೆ ಹೆಚ್ಚಬಹುದು, ಬೆರಳನ್ನೂ ಕೊಯ್ದುಕೊಳ್ಳಬಹುದು. ಎಲ್ಲವೂ ಬಳಸುವವನ ಮೇಲಿದೆ" ಎಂದು ಹೇಳಿ ಮೇಲೇಳುತ್ತಾರೆ.

ಮೂರನೆಯ ಮಾತು ಸಮಾಧಾನಕರವಾಗಿ ಕಂಡರೂ ವಿಚಾರಕ್ಕೆ ಪೂರ್ತಿಯಾಗಿ ನಿಲ್ಲುವುದಿಲ್ಲ. ಈಳಿಗೆಯು ಅಡುಗೆಮನೆಯ ಮೂಲೆಯಲ್ಲಿ ಸುಮ್ಮನೆ ಇರುತ್ತದೆ. ನಡುರಾತ್ರಿಯಲ್ಲಿ ಸದ್ದು ಮಾಡಿ ನಮ್ಮನ್ನು ಎಬ್ಬಿಸುವುದಿಲ್ಲ. ಫೋನಿನ ಅನೇಕ ಸೇವೆಗಳಾದರೋ ಪುಕ್ಕಟೆ ದೊರೆಯುವಂತೆ ತೋರಿದರೂ ಜಾಹೀರಾತಿನ ಆದಾಯದಿಂದ ನಡೆಯತಕ್ಕವು. ನಮ್ಮ ದೃಷ್ಟಿ ಅಲ್ಲಿ ಎಷ್ಟು ಹೊತ್ತು ನಿಲ್ಲುವುದೋ ಅಷ್ಟು ಅವುಗಳ ಒಡೆಯರಿಗೆ ಲಾಭ. ಆದುದರಿಂದ ಒಂದು ದೃಶ್ಯ ಮುಗಿಯುವ ಮೊದಲೇ ಮತ್ತೊಂದು ಎದುರಿಗೆ ಬಂದು ನಿಲ್ಲುವಂತೆ ಅವು ಏರ್ಪಟ್ಟಿವೆ. ಜಡ ಬೇರೆ, ಜೀವ ಬೇರೆ ಎಂಬುದು ನಮ್ಮ ಸಿದ್ಧಾಂತವು ಸಾರುವ ಪಂಚಭೇದಗಳಲ್ಲಿ ಒಂದು. ಫೋನೇ ಕಲಿಪುರುಷನೆನ್ನುವವರು ಜಡಕ್ಕೆ ಚೇತನದ ದೋಷವನ್ನು ಹೊರಿಸುತ್ತಾರೆ. ಎಲ್ಲವೂ ನಮ್ಮ ಕೈಯಲ್ಲೇ ಇದೆ ಎನ್ನುವವರು ಆ ಜಡದ ಹಿಂದೆ ನಿಂತಿರುವ ಬೇರೆ ಚೇತನರ ಇಚ್ಛೆಯನ್ನು ಮರೆಯುತ್ತಾರೆ. ಎರಡೂ ಅರೆವಿಚಾರವೇ.

ಹೀಗಿರಲು, ಯಂತ್ರವು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ ಅದು ನಮಗೆ ತಂದುಕೊಡುವುದು ಏನನ್ನು ಎಂದು ಕೇಳುವುದು ಲೇಸು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಅಂತರ್ಜಾಲದ ಬೆಲೆ ಇಳಿದಂದಿನಿಂದ ಯಲಬುರ್ಗಾದ ಹೊಲದಲ್ಲಿ ನಿಂತವರ ಕೈಗೂ ಬಂದು ಸೇರುತ್ತಿರುವುದು ಮುಖ್ಯವಾಗಿ ಪರರ ಮಾತು, ಪರರು ತೆಗೆದ ಚಿತ್ರ. ಮಾತನ್ನು ಯಾವಾಗ ನಂಬಬೇಕು ಎಂಬುದಂತೂ ನಮ್ಮ ಹಿರಿಯರಿಗೆ ಹೊಸ ಪ್ರಶ್ನೆಯಲ್ಲ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಹೇಳುವಾಗ, ಶಬ್ದವು ಪ್ರಮಾಣವೆನಿಸಬೇಕಾದರೆ ಅದರಲ್ಲಿ ದೋಷವಿರಕೂಡದೆಂದು ಅವರು ನಿರ್ಣಯಿಸಿದ್ದಾರೆ. ಲೌಕಿಕ ವಾಕ್ಯದಲ್ಲಿಯೂ ಆಪ್ತತೆಯನ್ನು ಅರಸುವಾಗ ಮೂರನ್ನು ನೋಡಬೇಕು: ಹೇಳುವವನು ಯಾರು, ಕೇಳುವವನು ಎಂಥವನು, ಯಾವ ಪ್ರಸಂಗದಲ್ಲಿ ಆ ಮಾತು ಹೊರಟಿತು. ಈ ಮೂರೂ ಅನುಕೂಲವಾಗಿದ್ದಲ್ಲಿ ಮಾತ್ರ ಮಾತಿಗೆ ಬೆಲೆ. ಇವನ್ನು ನಮ್ಮ ಜಿಲ್ಲೆಯ ಅನುಭವಕ್ಕೇ ಹಚ್ಚಿ ನೋಡೋಣ.

ಮೊದಲು ಹೇಳುವವನ ವಿಚಾರ. 2019ರ ಜುಲೈ 17ರ ರಾತ್ರಿ ಆನೆಗೊಂದಿಯ ನವವೃಂದಾವನದಲ್ಲಿ ನಿಧಿಯಾಸೆಯ ದುಷ್ಟರು ಶ್ರೀವ್ಯಾಸರಾಜರ ವೃಂದಾವನವನ್ನು ಕೆಡವಿದ ದಾರುಣ ಪ್ರಸಂಗವನ್ನು ಯಾರೂ ಮರೆತಿಲ್ಲ. ಮರುದಿನ ಆ ವಾರ್ತೆಯು ನಾಡಿನ ಎಲ್ಲೆಡೆಗೆ ಹಬ್ಬಿದ್ದು ಫೋನಿನಿಂದಲೇ. ವಾರ್ತೆ ತಿಳಿದ ಭಕ್ತರು ದೂರದ ಊರುಗಳಿಂದ ಧಾವಿಸಿ ಬಂದರು, ಪೀಠಾಧಿಪತಿಗಳು ಬಂದರು, ಕೆಲವೇ ದಿನಗಳೊಳಗೆ ವೃಂದಾವನವು ಮತ್ತೆ ಎದ್ದು ನಿಂತಿತು. ಈ ಉಪಕಾರವನ್ನು ಅಲ್ಲಗಳೆದರೆ ಕೃತಘ್ನತೆಯಾದೀತು. ಆದರೆ ಅದೇ ಫೋನಿನಲ್ಲಿ, ತನಿಖೆ ಮೊದಲಾಗುವ ಮುನ್ನವೇ, ಇದು ಇಂಥವರದೇ ಕೆಲಸವೆಂಬ ತೀರ್ಮಾನಗಳೂ ಹರಿದಾಡಿದವು. ಬರೆದವನು ಸ್ಥಳವನ್ನು ಕಂಡವನಲ್ಲ. ಕಳುಹಿಸಿದವನು ಬರೆದವನನ್ನು ಕಂಡವನಲ್ಲ. ಬಳಿಕ ಪೊಲೀಸರು ಬಂಧಿಸಿದ್ದು ನಿಧಿಗಳ್ಳರ ಒಂದು ಗುಂಪನ್ನು.

ಶ್ರೀವ್ಯಾಸರಾಜರು ಯಾರು? ತರ್ಕತಾಂಡವವನ್ನು ರಚಿಸಿ, ಪ್ರಮಾಣವಾವುದು, ಪ್ರಮಾಣದಂತೆ ತೋರುವುದು ಯಾವುದು ಎಂಬುದನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದ ಮಹನೀಯರು. ಪ್ರತಿವಾದಿಯ ಮತವನ್ನು ಮೊದಲು ಪೂರ್ಣವಾಗಿ ನಿರೂಪಿಸದೆ ಖಂಡಿಸದವರು. ಅಂಥವರ ವೃಂದಾವನಕ್ಕೆ ಆದ ಅಪಚಾರದ ದುಃಖವನ್ನು, ಪರೀಕ್ಷಿಸದ ಮಾತನ್ನು ಹರಡುವುದರಿಂದ ತೀರಿಸಿಕೊಳ್ಳಹೊರಟರೆ ಅದು ಅವರಿಗೆ ಸಲ್ಲಿಸುವ ಸೇವೆಯಾದೀತೇ? "ಸುಳ್ಳಾದರೇನು, ಧರ್ಮಕ್ಕಾಗಿಯೇ ಅಲ್ಲವೇ" ಎನ್ನುವವರೂ ಉಂಟು. ಧರ್ಮವು ಸತ್ಯವನ್ನು ಆಶ್ರಯಿಸಿ ನಿಂತಿದೆ. ಬುಡವನ್ನು ಕಡಿದು ಕೊಂಬೆಯನ್ನು ರಕ್ಷಿಸುವ ಮಾತು ನಮಗೆ ತಿಳಿಯದು.

ಇನ್ನೊಂದು ಸಂದರ್ಭವನ್ನೂ ನೆನೆಯಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನದೀತೀರದ ಜನಕ್ಕೆ ಬೇಕಾಗಿದ್ದುದು ಅಭಿಪ್ರಾಯವಲ್ಲ. ಎಷ್ಟು ನೀರು ಹೊರಟಿದೆ, ಯಾರು ಎಚ್ಚರದಿಂದಿರಬೇಕು ಎಂಬ, ಬಲ್ಲವರ ಒಂದು ಮಾತು. ಅಣೆಕಟ್ಟಿನ ಅಧಿಕಾರಿಯ ಒಂದು ಸಾಲು ಅಂಥ ಹೊತ್ತಿನಲ್ಲಿ ನೂರು ಗುಂಪುಗಳ ಸಾವಿರ ಊಹೆಗಳಿಗಿಂತ ಮಿಗಿಲು. ಎರಡನ್ನೂ ತರುವುದು ಒಂದೇ ಯಂತ್ರ, ಭೇದವಿರುವುದು ವಕ್ತೃವಿನಲ್ಲಿ.

ಎರಡನೆಯದು ಪ್ರಸಂಗದ ವಿಚಾರ. ಇದಕ್ಕೆ ಏಕಾದಶಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅತ್ತೆಯವರು ಮಠದ ಪಂಚಾಂಗವನ್ನು ನೋಡಿ ನಾಳೆ ಉಪವಾಸವೆನ್ನುತ್ತಾರೆ. ಸೊಸೆಯ ಫೋನಿನೊಳಗಿನ ಪಂಚಾಂಗವು ಇಂದೇ ಎನ್ನುತ್ತದೆ. ಒಬ್ಬರು "ಫೋನು ಸುಳ್ಳು" ಎನ್ನುತ್ತಾರೆ, ಇನ್ನೊಬ್ಬರು "ಪಂಚಾಂಗ ಹಳೆಯದು" ಎನ್ನುತ್ತಾರೆ. ವಸ್ತುತಃ ಇಬ್ಬರ ಮಾತೂ ಅವಸರದ್ದು. ನಮ್ಮ ಸಂಪ್ರದಾಯದಲ್ಲಿ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮೊದಲು, ಅಂದರೆ 96 ನಿಮಿಷ ಮೊದಲು, ಅರುಣೋದಯಕಾಲದಲ್ಲಿ ದಶಮಿಯ ಸ್ಪರ್ಶವಿದ್ದರೆ ಆ ಏಕಾದಶಿಯು ವಿದ್ಧವೆನಿಸಿ ಉಪವಾಸಕ್ಕೆ ತ್ಯಾಜ್ಯವಾಗುತ್ತದೆ. ಸ್ಮಾರ್ತರ ನಿರ್ಣಯವು ಸೂರ್ಯೋದಯವನ್ನು ಅನುಸರಿಸುವುದು. ಅಲ್ಲದೆ ಸೂರ್ಯೋದಯವು ಊರೂರಿಗೆ ಬೇರೆ. ಭಾರತದ ಗಡಿಯಾರಗಳೆಲ್ಲ ಅನುಸರಿಸುವ ರೇಖೆಯು ಪೂರ್ವಕ್ಕೆ 82.5 ಡಿಗ್ರಿಯಲ್ಲಿದ್ದರೆ ಕೊಪ್ಪಳವಿರುವುದು ಸುಮಾರು 76 ಡಿಗ್ರಿಯಲ್ಲಿ. ಇಷ್ಟರಿಂದಲೇ ಸುಮಾರು 25 ನಿಮಿಷಗಳ ಅಂತರ. ಜೊತೆಗೆ ತಿಥಿಯ ಗಣಿತದಲ್ಲಿಯೂ ಸೂರ್ಯಸಿದ್ಧಾಂತ, ದೃಗ್ಗಣಿತವೆಂಬ ಭೇದಗಳುಂಟು.

ಫೋನು ಇಲ್ಲಿ ಸುಳ್ಳಾಡಿಲ್ಲ. ಯಾವ ಊರಿಗೆ, ಯಾವ ಗಣಿತದಿಂದ, ಯಾವ ಸಂಪ್ರದಾಯಕ್ಕೆ ಎಂದು ನಾವು ಕೇಳಲಿಲ್ಲ. ಅದು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಕಾಶಿಯ ಸೂರ್ಯೋದಯವನ್ನು ಹಿಡಿದು ಗಂಗಾವತಿಯಲ್ಲಿ ದ್ವಾದಶಿಯ ಪಾರಣೆಗೆ ಕುಳಿತರೆ ತಪ್ಪು ಯಾರದು? ಸರಿಯಾದ ಮಾತೂ ಪ್ರಸಂಗ ತಪ್ಪಿದಲ್ಲಿ ಪ್ರಮಾಣವಾಗಲಾರದು. ನಮ್ಮ ಊರನ್ನೂ ಸಂಪ್ರದಾಯವನ್ನೂ ಬಲ್ಲ ಮಠದ ಪಂಚಾಂಗದ ಬೆಲೆಯು ಅದು ಹಳೆಯದೆಂಬುದರಿಂದ ಬಂದದ್ದಲ್ಲ. ನಾವು ಕೇಳುವ ಪ್ರಶ್ನೆಗೇ ಅದು ಉತ್ತರಿಸುತ್ತದೆ ಎಂಬುದರಿಂದ ಬಂದದ್ದು.

ಮೂರನೆಯದು ಕೇಳುವವನ ವಿಚಾರ. ಇದೇ ಕಠಿಣವಾದದ್ದು, ಏಕೆಂದರೆ ಇಲ್ಲಿ ದೋಷವನ್ನು ಹೊರಿಸಲು ಬೇರೊಬ್ಬರು ಸಿಗುವುದಿಲ್ಲ. ಆರಾಧನೆಗಳ ನೇರ ಪ್ರಸಾರವನ್ನು ಫೋನಿನಲ್ಲಿ ನೋಡಿದರೆ ದರ್ಶನದ ಫಲವುಂಟೇ ಎಂದು ಅನೇಕರು ಕೇಳುತ್ತಾರೆ. ತುಂಗಭದ್ರೆಯು ತುಂಬಿ ಹರಿಯುವಾಗ ನವವೃಂದಾವನದ ನಡುಗಡ್ಡೆಗೆ ದೋಣಿ ಹೋಗದು. ಹಾಸಿಗೆ ಹಿಡಿದ ವೃದ್ಧರು ಮಂತ್ರಾಲಯಕ್ಕೆ ಹೋಗಲಾರರು. ಪರದೇಶದಲ್ಲಿರುವ ಮಗಳು ತವರಿನ ರಥೋತ್ಸವಕ್ಕೆ ಬರಲಾರಳು. ಇಂಥವರು ಚಿತ್ರವನ್ನು ಕಂಡು ಕಣ್ಣೀರು ತಂದುಕೊಂಡು ಸ್ಮರಿಸಿದರೆ ಆ ಸ್ಮರಣೆ ವ್ಯರ್ಥವಾದೀತೇ? ಶ್ರವಣ, ಕೀರ್ತನ, ಸ್ಮರಣಗಳು ಭಕ್ತಿಯ ಒಂಬತ್ತು ಬಗೆಗಳಲ್ಲಿ ಮೊದಲಿನವುಗಳಲ್ಲವೇ? ಚಿತ್ರವು ಸನ್ನಿಧಾನವಲ್ಲ, ತೀರ್ಥಪ್ರಸಾದಗಳು ಅದರೊಳಗಿಂದ ಬರಲಾರವು. ಆದರೂ ನೆನಪಿಸುವ ಶಕ್ತಿ ಅದಕ್ಕುಂಟು.

ಆದರೆ ಹೋಗಬಲ್ಲವನು ಹೋಗದೆ, ಹಾಸಿಗೆಯ ಮೇಲೆ ಒರಗಿ, ಅಭಿಷೇಕದ ನಡುವೆ ನಾಲ್ಕು ಬೇರೆ ದೃಶ್ಯಗಳನ್ನು ನೋಡಿ, ಉಪನ್ಯಾಸವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳಿದರೆ, ಮನನಕ್ಕೆ ಅಲ್ಲಿ ಎಡೆಯೆಲ್ಲಿ? ಇನ್ನು ಗರ್ಭಗುಡಿಯ ಎದುರಿಗೇ ನಿಂತು, ತೆರೆ ಸರಿದೊಡನೆ ಕೈಮುಗಿಯುವ ಬದಲು ಫೋನನ್ನೆತ್ತುವವರ ಮಾತಂತೂ ಸೋಜಿಗದ್ದು. ದೂರದಲ್ಲಿರುವವನು ಚಿತ್ರದ ಮೂಲಕ ದೇವರ ಹತ್ತಿರಕ್ಕೆ ಬರಲು ಹವಣಿಸುತ್ತಾನೆ. ಹತ್ತಿರದಲ್ಲಿರುವವನು ಅದೇ ಚಿತ್ರದ ಮೂಲಕ ದೂರ ಹೋಗುತ್ತಾನೆ. ಯಂತ್ರವು ಅದೇ, ಪೂಜೆಯೂ ಅದೇ, ಬೇರೆಯಾದದ್ದು ಮನಸ್ಸು.

ಕೊನೆಯದಾಗಿ ಒಂದು ಮಾತು. ಬಂದ ಸಂದೇಶವನ್ನು ಮತ್ತೊಬ್ಬರಿಗೆ ಫಾರ್ವರ್ಡ್ ಮಾಡಿದ ಕ್ಷಣದಲ್ಲಿ ಕೇಳುವವನು ಹೇಳುವವನಾಗುತ್ತಾನೆ. "ನಾನು ಬರೆದದ್ದಲ್ಲ" ಎಂಬ ಸಮಾಧಾನ ಅಲ್ಲಿ ನಿಲ್ಲದು. ಪರರ ನಿಂದೆಯನ್ನು ಹೊತ್ತು ತಂದವನ ನಾಲಗೆಗೂ ಅದರ ಪಾಲುಂಟು. ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು ಮಾತಿನ ತಪಸ್ಸನ್ನು ಉಪದೇಶಿಸಿದ್ದಾನೆ; ಪರರನ್ನು ಕಲಕದ, ನಿಜವಾದ, ಹಿತವಾದ ನುಡಿ ಅದರ ಲಕ್ಷಣ. ಆ ಉಪದೇಶವು ನಾಲಗೆಯಿಂದ ಆಡಿದ ಮಾತಿಗೆ ಮಾತ್ರ, ಬೆರಳಿನಿಂದ ಒತ್ತಿದ ಮಾತಿಗಲ್ಲ ಎಂದು ಯಾರು ಹೇಳಬಲ್ಲರು?

ಆದುದರಿಂದ ಈ ಚಾತುರ್ಮಾಸ್ಯಕಾಲದಲ್ಲಿ ಸದ್ಭಕ್ತರು ಶಾಕವ್ರತ, ದಧಿವ್ರತಗಳೊಡನೆ ಇನ್ನೊಂದು ಸಣ್ಣ ನಿಯಮವನ್ನೂ ಹಿಡಿಯಬಹುದು: ಹೇಳಿದವರಾರು, ಯಾವ ಪ್ರಸಂಗಕ್ಕೆ ಹೇಳಿದ್ದು, ಕೇಳುತ್ತಿರುವ ನಮ್ಮ ಮನಸ್ಸು ಶಾಂತವೋ ಕ್ಷುಬ್ಧವೋ ಎಂಬ ಮೂರನ್ನೂ ವಿಚಾರಿಸದೆ ಯಾವ ಮಾತನ್ನೂ ಮುಂದಕ್ಕೆ ಕಳುಹಿಸುವುದಿಲ್ಲವೆಂದು. ಇದಕ್ಕೆ ಹಣ ಬೇಡ, ಹೆಚ್ಚು ಹೊತ್ತೂ ಬೇಡ. ಕೈಯೊಳಗಿನ ಯಂತ್ರಕ್ಕಿಂತ ಮೊದಲೇ ಭಗವಂತನು ನಮಗೆ ಕೊಟ್ಟ ವಿವೇಕವನ್ನು ಕೆಡದಂತೆ ಕಾಪಾಡಿಕೊಳ್ಳುವ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.